ಪುಟ್ಟ ಕೀಬೋರ್ಡಿನಲ್ಲಿ ಮೂರು ಭಾಷೆ

ಫ್ರೆಂಚ್, ಜರ್ಮನ್, ಸ್ಪ್ಯಾನಿಶ್ ಮೂರನ್ನೂ ನಾನು ಒಂದೇ ಪುಟ್ಟ ಕೀಬೋರ್ಡಿನಲ್ಲಿ ಟೈಪ್ ಮಾಡುತ್ತೇನೆ. ಚುಕ್ಕೆ, ಗೆರೆಯಂಥ ಚಿಹ್ನೆ ಹೊತ್ತ ಪ್ರತಿ ಅಕ್ಷರಕ್ಕೂ ಬೇರೆ ಕೀ ಕೊಡಲು ಹೋಗಬೇಡಿ, ಜಾಗ ಸಾಲುವುದಿಲ್ಲ. ಚಿಹ್ನೆಗೆ ಡೆಡ್ ಕೀ ಇಡಿ, ಅಂದರೆ ಒತ್ತಿದ ಕೂಡಲೇ ಏನೂ ಮೂಡಿಸದೆ ಮುಂದಿನ ಅಕ್ಷರಕ್ಕೆ ಸೇರಿಕೊಳ್ಳುವ ಕೀ: ಮೊದಲು ಚಿಹ್ನೆ ಒತ್ತಿ, ಆಮೇಲೆ ಅಕ್ಷರ. ಎರಡು ಚುಕ್ಕೆಯ ಒಂದೇ ಕೀ ಜರ್ಮನ್‌ನ ಎ, ಒ, ಯು (ä, ö, ü) ಮೂರಕ್ಕೂ ಸಾಕು.

ಆದರೆ ಅಪಾಸ್ಟ್ರಫಿಯನ್ನು (') ಮಾತ್ರ ಡೆಡ್ ಕೀ ಮಾಡಬೇಡಿ. ಫ್ರೆಂಚ್‌ನಲ್ಲಿ ಅದು ಸಾಲುಸಾಲಿಗೂ ಬರುತ್ತದೆ. ಪ್ರತಿ ಸಲ ಅದು ಚಿಹ್ನೆಯಾಗಿ ಮುಂದಿನ ಸ್ವರದ ತಲೆಗೆ ಹೋಗಿ ಕೂತರೆ ಹಿಂಸೆ ಅಲ್ವಾ? ಡೆಡ್ ಕೀಗಳೆಲ್ಲ ಬಲಗಡೆಯ ಆಲ್ಟ್ ಜೊತೆಗಿರಲಿ. ಅಕ್ಯೂಟ್ ಎಂಬ ಓರೆ ಗೆರೆ ಹೊತ್ತ ಇ (é) ಫ್ರೆಂಚ್‌ನಲ್ಲಿ ತುಂಬಾ ಜಾಸ್ತಿ. ಅದಕ್ಕೆ ಸ್ವಂತ ಕೀ ಕೊಟ್ಟಿದ್ದೇನೆ. ಸೆಡಿಲಾಕ್ಕೆ, ಅಂದರೆ ಕೆಳಗೆ ಕೊಕ್ಕೆ ಇರುವ ಸಿಗೆ (ç), ಅದೇ ಆಲ್ಟ್ ಮತ್ತು ಸಿ.

ಕೀಬೋರ್ಡ್ ಕಳಿಸುವುದು ಅಕ್ಷರವನ್ನಲ್ಲ, ಕೀಯ ಕೋಡನ್ನು. ಹಾಗಾಗಿ ಇದನ್ನೆಲ್ಲ ಯಾವ ಕೀಗೆ ಯಾವ ಅಕ್ಷರ ಎಂದು ಹೇಳುವ ಕಂಪ್ಯೂಟರಿನ ಲೇಔಟ್ ಫೈಲಿನಲ್ಲೇ ಬರೆಯಿರಿ.