16 ದಿನ ತಡವಾದ ನಮ್ಮ ಮನವಿ

ಸುದ್ದಿ ನನಗೆ ಮುಟ್ಟಿದ್ದು 2023ರ ಫೆಬ್ರುವರಿ 2, ಗುರುವಾರ. ರಾಯಚೂರು ಕೋರ್ಟಿನ ಬಾರ್ ರೂಮಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಗೆಳತಿಯೊಬ್ಬಳು ಫೋನು ಮುಂದೆ ಹಿಡಿದಳು. ಮದ್ರಾಸ್ ಹೈಕೋರ್ಟಿನ 21 ವಕೀಲರು ರಾಷ್ಟ್ರಪತಿಗಳಿಗೂ ಸುಪ್ರೀಂ ಕೋರ್ಟಿನ ಕೊಲಿಜಿಯಂಗೂ, ಅಂದರೆ ಜಡ್ಜ್ ಆಗುವವರ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಕೂಟಕ್ಕೂ, ಪತ್ರ ಬರೆದಿದ್ದರು. ವಕೀಲೆ ಎಲ್. ವಿಕ್ಟೋರಿಯಾ ಗೌರಿ ಅವರನ್ನು ಅಲ್ಲಿನ ನ್ಯಾಯಮೂರ್ತಿ ಮಾಡಬೇಕೆಂಬ ಶಿಫಾರಸನ್ನು ವಾಪಸ್ ಪಡೆಯಿರಿ ಅಂತ. ಮುಸ್ಲಿಮರು, ಕ್ರೈಸ್ತರ ಬಗ್ಗೆ ಅವರು ಹಿಂದೆ ಸಂದರ್ಶನದಲ್ಲಿ ಆಡಿದ ಮಾತು ದ್ವೇಷದ ಮಾತು ಅನ್ನುವುದು ಆ ವಕೀಲರ ಆಕ್ಷೇಪ. ಆ ಸಮುದಾಯದ ಕಕ್ಷಿದಾರರು ಯಾವ ನಂಬಿಕೆಯಿಂದ ಅವರ ಮುಂದೆ ನಿಲ್ಲಬೇಕು ಅಂತ ಕೇಳಿದ್ದರು. ಆ ದಿನಗಳಲ್ಲೇ ಮದುರೈಯ ಕೆಲವು ವಕೀಲರು ಗೌರಿ ಅವರ ಪರವಾಗಿಯೂ ಪತ್ರ ಬರೆದರು.

ನಾವೂ ಒಂದು ಮನವಿ ಕಳಿಸೋಣ ಅಂದೆ. ಎದುರಿಗೆ ಕೂತಿದ್ದವರೊಬ್ಬರು ತಕ್ಷಣ ಕೇಳಿದರು: "ಮದ್ರಾಸಿನ ಪಂಚಾಯ್ತಿ ನಮಗ್ಯಾಕ್ರಿ ಮೇಡಂ?"

ಕೇಳಬೇಕಾದ ಪ್ರಶ್ನೆಯೇ. ಮುಂದಿನ ನಾಲ್ಕು ದಿನ ಎಲ್ಲರೂ ಅದನ್ನೇ ಕೇಳಿದರು. ನನ್ನ ಉತ್ತರ ಇಷ್ಟು. ಹೈಕೋರ್ಟ್ ಜಡ್ಜ್ ಒಂದೇ ರಾಜ್ಯದಲ್ಲಿ ಇರುತ್ತಾರೆ ಅಂತೇನಿಲ್ಲ. ಸಂವಿಧಾನದ 222ನೇ ವಿಧಿಯಲ್ಲಿ ಅವರನ್ನು ಬೇರೆ ಹೈಕೋರ್ಟಿಗೆ ವರ್ಗ ಮಾಡಬಹುದು. ಇವತ್ತು ಮದುರೈ ಪೀಠ, ನಾಳೆ ಕಲಬುರಗಿ ಪೀಠ. 2008ರಲ್ಲಿ ನಮ್ಮ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಬಂದ ಪಿ.ಡಿ. ದಿನಕರನ್ ಮದ್ರಾಸಿನಿಂದಲೇ ಬಂದವರಲ್ವಾ? ಮರುವರ್ಷ ಅವರ ಹೆಸರು ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂನಲ್ಲಿ ಜಮೀನು ಒತ್ತುವರಿ ಆಗಿದೆ ಅಂತ ದಾಖಲೆ ಹಿಡಿದು ನಿಂತವರು ಚೆನ್ನೈನ ವಕೀಲರು. ದಿನಕರನ್ ಆ ಆರೋಪ ಒಪ್ಪಲಿಲ್ಲ. ಆದರೆ ಆ ಬಡ್ತಿ ಅಲ್ಲಿಗೇ ನಿಂತಿತು. ರಾಜ್ಯಸಭೆಯಲ್ಲಿ ಪದಚ್ಯುತಿಯ ಪ್ರಕ್ರಿಯೆ ಶುರುವಾಯಿತು, 2011ರಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಗಲಾಟೆ ನಡೆದಾಗ ನಾನು ವಕೀಲಿಕೆಯ ಸನ್ನದು ತಗೊಂಡು ಒಂದೆರಡು ವರ್ಷ ಆಗಿತ್ತು, ಅಷ್ಟೇ. ಬೆಂಗಳೂರಿನ ವಕೀಲರು ಅವರ ವಿರುದ್ಧ ಕಲಾಪ ಬಹಿಷ್ಕಾರ ಮಾಡಿದ್ದನ್ನು ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆ. ಆ ಸುಮ್ನಿದ್ದದ್ದು ನನಗೆ ಆಮೇಲೆ ಬಹಳ ಸಲ ಚುಚ್ಚಿದೆ.

ಅವತ್ತು ರಾತ್ರಿ ಐದು ಜನ ಕೂತೆವು. ಇಬ್ಬರು ವಕೀಲರು, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಅಂಗನವಾಡಿ ಟೀಚರು, ಡಿಟಿಪಿ ಅಂಗಡಿಯ ಹುಡುಗ. ಮೊದಲು ಮಾಡಿದ್ದು ಕೊಲಿಜಿಯಂ ನಿರ್ಣಯವನ್ನೇ ಓದುವುದು. 2017ರ ಅಕ್ಟೋಬರಿನಿಂದ ಸುಪ್ರೀಂ ಕೋರ್ಟು ಇವನ್ನು ತನ್ನ ಜಾಲತಾಣದಲ್ಲಿ ಹಾಕುತ್ತಿದೆ. ನೋಡಿದರೆ ನಿರ್ಣಯದ ತಾರೀಖು ಜನವರಿ 17. ಹದಿನಾರು ದಿನ ಅದು ಎಲ್ಲರ ಕಣ್ಣಮುಂದೆಯೇ ಇತ್ತು. ನಾವು ಯಾರೂ ನೋಡಿರಲಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಆ ಹದಿನಾರು ದಿನದ ಬೆಲೆ ಗೊತ್ತಾಗುತ್ತದೆ. ಮೊದಲು ಆ ರಾಜ್ಯದ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಸೇರಿ ಹೆಸರು ಕಳಿಸುತ್ತಾರೆ. ರಾಜ್ಯ ಸರ್ಕಾರ, ರಾಜ್ಯಪಾಲರು, ಕೇಂದ್ರದ ಕಾನೂನು ಇಲಾಖೆ ದಾಟಿ ಅದು ಸುಪ್ರೀಂ ಕೋರ್ಟಿಗೆ ಬರುತ್ತದೆ. ಅಲ್ಲಿ ಸಿಜೆಐ, ಅಂದರೆ ಭಾರತದ ಮುಖ್ಯ ನ್ಯಾಯಮೂರ್ತಿ, ಮತ್ತು ಇಬ್ಬರು ಹಿರಿಯರು ಒಪ್ಪಿದರೆ ಶಿಫಾರಸು. ಆಮೇಲೆ ಕೇಂದ್ರ ಕಡತ ಮುಂದಕ್ಕೆ ತಳ್ಳಬೇಕು, ರಾಷ್ಟ್ರಪತಿಗಳ ಸಹಿ ಬೀಳಬೇಕು. ಇಷ್ಟರಲ್ಲಿ ಜನಸಾಮಾನ್ಯರಿಗೆ ಹೆಸರು ಕಾಣುವುದು ಶಿಫಾರಸು ಹೊರಬಿದ್ದ ಮೇಲೆ ಮಾತ್ರ. ಆದೇಶ ಬಂತೋ, ಬಾಗಿಲು ಮುಚ್ಚಿತು. ಕೆಲವು ಕಡತ ವರ್ಷಗಟ್ಟಲೆ ಕೂರುತ್ತವೆ, ಕೆಲವು ಮೂರೇ ವಾರದಲ್ಲಿ ಓಡುತ್ತವೆ. ಯಾವುದು ಓಡುತ್ತದೆ ಅಂತ ನಮಗೆ ಮೊದಲೇ ತಿಳಿಯುವುದಿಲ್ಲ.

ಮನವಿ ಬರೆಯುವುದಕ್ಕೆ ಒಂದು ತಾಸು ಸಾಕು ಅಂದುಕೊಂಡಿದ್ದೆ. ರಾತ್ರಿ ಒಂದು ಗಂಟೆ ಆಯಿತು. ಜಗಳ ಆದದ್ದು ಒಂದೇ ಸಾಲಿಗೆ. ಗೌರಿ ಅವರು ಬಿಜೆಪಿ ಮಹಿಳಾ ಮೋರ್ಚಾದಲ್ಲಿದ್ದವರು. ಅದನ್ನೇ ಮೊದಲ ಕಾರಣ ಮಾಡಿ ಬರೆಯೋಣ ಅಂತ ಮೇಷ್ಟ್ರು ಹಟ ಹಿಡಿದರು. ನಾನು ಬೇಡವೇ ಬೇಡ ಅಂದೆ. ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಕಾಂಗ್ರೆಸ್ಸಿನಿಂದ ರಾಜ್ಯಸಭೆಯಲ್ಲಿದ್ದು 1957ರಲ್ಲಿ ಮೈಸೂರು ಹೈಕೋರ್ಟಿನ ಜಡ್ಜ್ ಆದವರು. ಮುಂದೆ ಸುಪ್ರೀಂ ಕೋರ್ಟಿಗೂ ಹೋದರು. 1973ರಲ್ಲಿ ಅದೇ ಕಾಂಗ್ರೆಸ್ ಸರ್ಕಾರ ಅವರ ಹಿರಿತನ ದಾಟಿಸಿ ಬೇರೆಯವರನ್ನು ಸಿಜೆಐ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ವಿ.ಆರ್. ಕೃಷ್ಣಯ್ಯರ್ ಕೇರಳದ ಮೊದಲ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿ ಆಗಿದ್ದು, ಆಮೇಲೆ ಸುಪ್ರೀಂ ಕೋರ್ಟಿನ ಜಡ್ಜ್ ಆದವರು. ರಾಜಕೀಯದಲ್ಲಿದ್ದದ್ದೇ ತಪ್ಪು ಅಂದರೆ ಇವರೂ ಆಗಬಾರದಿತ್ತಲ್ವಾ? ಪಾರ್ಟಿ ಬಿಟ್ಟು ಬರಬಹುದು. ಆದರೆ ಒಂದು ಇಡೀ ಜನಾಂಗವನ್ನೇ ಅಪಾಯ ಅಂತ ಕ್ಯಾಮೆರಾ ಮುಂದೆ ಹೇಳಿದ್ದರೆ, ಆ ಜನಾಂಗದ ಮನುಷ್ಯ ಕೇಸು ಹಿಡಿದು ಬಂದಾಗ ಆ ಮಾತು ಕೋರ್ಟ್ ಹಾಲಿನಲ್ಲಿ ಇದ್ದೇ ಇರುತ್ತದೆ. ನಮ್ಮ ಆಕ್ಷೇಪ ಅದಕ್ಕೆ ಮಾತ್ರ. ಕೊನೆಗೆ ಮೇಷ್ಟ್ರು ಪೆನ್ನು ನನ್ನ ಕೈಗೆ ಕೊಟ್ಟು, "ಸರಿ, ನೀವೇ ಬರೀರಿ" ಅಂದರು.

ಇನ್ನೊಂದು ವಿಷಯಕ್ಕೆ ನಾನೇ ತಪ್ಪಿದ್ದೆ. ವಾಟ್ಸಾಪಿನಲ್ಲಿ ಬಂದ ಒಂದು ಖಾರವಾದ ವಾಕ್ಯವನ್ನು ಗೌರಿ ಅವರದ್ದೇ ಮಾತು ಅಂತ ಕರಡಿಗೆ ಹಾಕಿದ್ದೆ. ಡಿಟಿಪಿ ಹುಡುಗ, "ಅಕ್ಕಾ, ಇದು ಯಾವ ವಿಡಿಯೋದಾಗ ಐತಿ?" ಅಂದ. ಹುಡುಕಿದೆವು. ಸಿಗಲಿಲ್ಲ. ತೆಗೆದು ಹಾಕಿದೆವು. ಕೊನೆಗೆ ನಮ್ಮ ಮನವಿ ಒಂದು ಪುಟ, ಐದು ಪ್ಯಾರಾ ಆಯಿತು. ಅದರಲ್ಲಿ ಬೈಗುಳ ಒಂದೂ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ನಮ್ಮ ಸೀನಿಯರಿಗೆ ತೋರಿಸಿದೆ. ಎರಡು ಸಲ ಓದಿದರು. ನ್ಯಾಯಾಂಗ ನಿಂದನೆ ಆಗುತ್ತದೇನೋ ಅನ್ನುವುದು ಅವರ ಅಳುಕು. ಗೌರಿ ಅವರಿನ್ನೂ ಜಡ್ಜ್ ಆಗಿಲ್ಲ ಸರ್ ಅಂದೆ. 1971ರ ಕಾಯ್ದೆಯಲ್ಲೂ ನ್ಯಾಯವಾದ ಟೀಕೆ ನಿಂದನೆ ಅಲ್ಲ ಅಂತ ಇದೆಯಲ್ಲ, ನೇಮಕ ಮಾಡುವ ರಾಷ್ಟ್ರಪತಿಗಳಿಗೇ ಬರೆಯುತ್ತಿದ್ದೇವೆ ಅಂದೆ. ಅವರು ಸಹಿ ಮಾಡಲಿಲ್ಲ. ಆದರೆ "ಅವಕಾಶ" ಅಂತ ಇದ್ದ ಒಂದು ಕಡೆ ಹೊಡೆದು "ಹಕ್ಕು" ಅಂತ ತಿದ್ದಿ ಕೊಟ್ಟರು. ನನಗೆ ಅಷ್ಟೇ ದೊಡ್ಡದು.

ಸಹಿ ಮಾಡಿದವರು ವಕೀಲರಿಗಿಂತ ಕಕ್ಷಿದಾರರೇ ಜಾಸ್ತಿ. ಇದು ನಾನು ಎಣಿಸದೇ ಇದ್ದದ್ದು. ಬಾಂಡ್ ಬರೆಯುವವರ ಮೇಜಿನ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಕೂತೆವು. ದೇವದುರ್ಗ, ಲಿಂಗಸುಗೂರು, ಸಿಂಧನೂರಿನಿಂದ ವಾಯಿದೆಗೆ ಬಂದ ಜನ. ಹಿಂದಿನ ವರ್ಷ ಗಣರಾಜ್ಯೋತ್ಸವದ ದಿನ ನಮ್ಮೂರಿನ ಕೋರ್ಟಿನಲ್ಲಿ ಅಂಬೇಡ್ಕರ್ ಅವರ ಫೋಟೋ ಇಡುವ ವಿಷಯಕ್ಕೆ ದೊಡ್ಡ ಗದ್ದಲ, ಮೆರವಣಿಗೆ ಆಗಿ, ರಾಜ್ಯದ ಎಲ್ಲ ಕೋರ್ಟುಗಳಲ್ಲೂ ಗಣರಾಜ್ಯೋತ್ಸವದಂಥ ಸಮಾರಂಭಗಳಲ್ಲಿ ಫೋಟೋ ಇಡಬೇಕು ಅಂತ ಹೈಕೋರ್ಟು ಸುತ್ತೋಲೆ ಹೊರಡಿಸಿತ್ತು. ಆ ಮೆರವಣಿಗೆಯಲ್ಲಿ ನಡೆದವರಿಗೆ ಕೋರ್ಟು ತಮ್ಮದೂ ಹೌದು ಅನ್ನುವುದು ಗೊತ್ತಿತ್ತು. ಅವರಿಗೆ ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ.

ಮಾನ್ವಿ ಕಡೆಯ ಒಬ್ಬ ಹಿರಿಯ ಹೆಂಗಸು ನನ್ನದೇ ಕಕ್ಷಿದಾರರು. ಖಾಲಾ ಅಂತಲೇ ಕರೆಯುತ್ತೇನೆ. ಎರಡು ಎಕರೆ ಹೊಲದ ಮೇಲ್ಮನವಿ ಕಲಬುರಗಿ ಪೀಠದಲ್ಲಿದೆ. ಇಲ್ಲಿನ ಇನ್ನೊಂದು ಚಿಕ್ಕ ಕೇಸಿಗೆ ಅವತ್ತು ಬಂದಿದ್ದರು. ನಾನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಕೋರ್ಟಿನಾಗ ನನ್ನ ಹೆಸರು ಕೂಗ್ತಾರಲ್ಲ ಮೇಡಂ, ಆ ಹೆಸರು ಕೇಳಿದ ಕೂಡ್ಲೆ ಮ್ಯಾಲೆ ಕುಂತವರ ಮನಸಿನಾಗ ಏನು ಬರ್ತೈತಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಐದು ಪ್ಯಾರಾದಲ್ಲಿ ಇರಬೇಕಾಗಿದ್ದ ಮಾತು ಅದೇ ಒಂದು.

ಸ್ಟಾಂಪ್ ಪ್ಯಾಡು ಮುಂದಿಟ್ಟೆ. ಹೆಬ್ಬೆರಳು ಒತ್ತಿದರು. ಹತ್ತಿ ಬಿಡಿಸಿ ಬಿಡಿಸಿ ಗೆರೆ ಸವೆದು ಹೋಗಿತ್ತು. ಹಾಳೆಯ ಮೇಲೆ ಬರೀ ನೇರಳೆ ಮಚ್ಚೆ. "ಮೂಡಲಿಲ್ಲೇನು?" ಅಂತ ಇನ್ನೊಂದು ಸಲ ಒತ್ತಿದರು, ಈ ಸಲ ಉಸಿರು ಹಿಡಿದು. ಅಂಚಿನಲ್ಲಿ ನಾಲ್ಕಾರು ಗೆರೆ ಕಂಡವು. ಬೆರಳನ್ನು ಕೂದಲಿಗೆ ಒರೆಸಿಕೊಂಡು ಎದ್ದರು.

ಸಂಜೆ ಎಣಿಸಿದರೆ 40 ಸಹಿ. ಆಗ ಕಂಡಿತು ನೋಡಿ ಎಡವಟ್ಟು. ಮನವಿಯ ಒಕ್ಕಣೆ ಒಂದು ಹಾಳೆ, ಸಹಿಗಳೆಲ್ಲ ಬೇರೆ ಖಾಲಿ ಹಾಳೆ. ನಾಳೆ ಯಾರಾದರೂ "ಇವರು ಯಾವುದಕ್ಕೋ ಸಹಿ ಹಾಕಿದ್ದು" ಅಂದರೆ ಏನು ಮಾಡೋದು? ವಕೀಲಳಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಪ್ರತಿ ಹಾಳೆಯ ತಲೆಯಲ್ಲಿ ಬೇಡಿಕೆಯ ಎರಡು ಸಾಲು ಅಚ್ಚಾಗಿರಬೇಕು. ಪುಟದ ನಂಬರ್ ಇರಬೇಕು. ಹೆಸರು, ಊರು, ತಾರೀಖಿಗೆ ಕಾಲಂ ಇರಬೇಕು. ಹೆಬ್ಬೆಟ್ಟಿನ ಪಕ್ಕ ಓದಿ ಹೇಳಿದವರ ಸಹಿ ಇರಬೇಕು. ರಾತ್ರಿಯೇ ಹೊಸ ಹಾಳೆ ತೆಗೆಸಿದೆವು. ಶನಿವಾರ, ಭಾನುವಾರ ಆ 40 ಜನರನ್ನು ಮತ್ತೆ ಹುಡುಕಿಕೊಂಡು ಹೋದೆವು. 29 ಜನ ಸಿಕ್ಕರು. ಉಳಿದ 11 ಹೆಸರು ಬಿಟ್ಟೆವು. ಭಾನುವಾರ ಬಸ್ಸಿಗೆ ಮಾನ್ವಿಗೆ ಹೋಗಿ ಖಾಲಾ ಹತ್ತಿರ ಇನ್ನೊಮ್ಮೆ ಒತ್ತಿಸಿಕೊಂಡೆ. ಅವರು ಕಾರಣ ಕೇಳಲಿಲ್ಲ, ಚಹಾ ಕುಡಿಸಿ ಕಳಿಸಿದರು. ಹೊಸದಾಗಿ ಸಹಿ ಹಾಕಿದವರೂ ಸೇರಿ ಒಟ್ಟು 312 ಆಯಿತು.

ಸೋಮವಾರ, ಫೆಬ್ರುವರಿ 6. ಜಿಲ್ಲಾಧಿಕಾರಿ ಕಚೇರಿಯಲ್ಲಿ, ಅವರ ಮೂಲಕ ರಾಷ್ಟ್ರಪತಿಗಳಿಗೆ ಅಂತ ಒಂದು ಪ್ರತಿ ಕೊಟ್ಟೆವು. ಟಪಾಲಿನಲ್ಲಿ ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೆವು. ಇನ್ನೊಂದು ಪ್ರತಿ ನೇರವಾಗಿ ರಾಷ್ಟ್ರಪತಿ ಭವನಕ್ಕೆ, ಮತ್ತೊಂದು ಸಿಜೆಐ ಅವರಿಗೆ, ರಿಜಿಸ್ಟರ್ ಪೋಸ್ಟಿನಲ್ಲಿ, ಸ್ವೀಕೃತಿ ಕಾರ್ಡ್ ಸಮೇತ. ಪೋಸ್ಟ್ ಆಫೀಸಿನ ಮೆಟ್ಟಿಲು ಇಳಿಯುವಾಗ ಫೋನು ಬಂತು. ಕೇಂದ್ರ ಸರ್ಕಾರ ನೇಮಕದ ಆದೇಶ ಹೊರಡಿಸಿಬಿಟ್ಟಿತ್ತು. ನಾವು ಲಕೋಟೆಗೆ ಅಂಟು ಹಚ್ಚುತ್ತಿದ್ದಾಗಲೇ ಕೆಲಸ ಮುಗಿದಿತ್ತು.

ಒಂದು ಎಳೆ ಉಳಿದಿತ್ತು. ಚೆನ್ನೈ ವಕೀಲರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮರುದಿನ ಬೆಳಗ್ಗೆಯೇ ವಿಚಾರಣೆ. ಗುವಾಹಟಿ ಹೈಕೋರ್ಟಿಗೆ ಆದ ಕೆ.ಎನ್. ಶ್ರೀವಾಸ್ತವ ಅವರ ನೇಮಕವನ್ನು ಪ್ರಮಾಣವಚನಕ್ಕೆ ಮೊದಲೇ 1992ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಅದನ್ನೇ ನೆನೆಸಿಕೊಂಡು ಮಂಗಳವಾರ ಬಾರ್ ರೂಮಿನಲ್ಲಿ ಒಂದು ಫೋನಿನ ಸುತ್ತ ಏಳೆಂಟು ಜನ ನಿಂತೆವು. ಆದರೆ ಆ ಕೇಸಿನಲ್ಲಿ ಪ್ರಶ್ನೆ ಇದ್ದದ್ದು ಅರ್ಹತೆಯದು. ಹತ್ತು ವರ್ಷ ವಕೀಲಿಕೆಯೋ ನ್ಯಾಯಾಂಗ ಹುದ್ದೆಯೋ ಇರಬೇಕು ಅನ್ನುವ ನಿಯಮಕ್ಕೆ ಅವರು ಹೊಂದುತ್ತಿರಲಿಲ್ಲ. ಇಲ್ಲಿನ ಪ್ರಶ್ನೆ ಯೋಗ್ಯತೆಯದು. ಯೋಗ್ಯತೆ ಅಳೆಯುವುದು ಕೊಲಿಜಿಯಂ ಕೆಲಸ, ಕೋರ್ಟು ಅದರಲ್ಲಿ ಕೈ ಹಾಕುವುದಿಲ್ಲ ಅನ್ನುವುದು ಮೊದಲಿನಿಂದ ಬಂದ ನಿಲುವು. ಸಂಜೀವ್ ಖನ್ನಾ ಮತ್ತು ಬಿ.ಆರ್. ಗವಾಯಿ ಅವರ ಪೀಠ ಅದೇ ನಿಲುವಿನಲ್ಲಿ ಅರ್ಜಿ ವಜಾ ಮಾಡಿತು. ರಾಜಕೀಯ ಹಿನ್ನೆಲೆ ತಮಗೂ ಇತ್ತು ಅಂತ ಗವಾಯಿ ಅವರು ಹೇಳಿದರು. ವಿಚಾರಣೆ ನಡೆದ ಹೊತ್ತಿನಲ್ಲೇ ಅತ್ತ ಚೆನ್ನೈನಲ್ಲಿ ಪ್ರಮಾಣವಚನ ಆಯಿತು.

ಕೋರ್ಟು ಯೋಗ್ಯತೆಯ ಪ್ರಶ್ನೆ ಕೇಳುವುದಿಲ್ಲ ಅಂದಮೇಲೆ ಅದನ್ನು ಕೇಳುವ ಜಾಗ ಉಳಿದದ್ದು ಶಿಫಾರಸು ಮತ್ತು ಆದೇಶದ ನಡುವಿನ ಆ ಕೆಲವು ದಿನ ಮಾತ್ರ. ಈಗ ಪ್ರತಿ ಸೋಮವಾರ ನಾನು, ಡಿಟಿಪಿ ಹುಡುಗ ಕೊಲಿಜಿಯಂ ನಿರ್ಣಯಗಳನ್ನು ತೆಗೆದು ನೋಡುತ್ತೇವೆ. ಹೆಸರು, ತಾರೀಖು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಒಳ್ಳೆಯ ಹೆಸರು ಬಂದು ಕಡತ ಕೂತಿದ್ದರೆ ಅದನ್ನೂ ಬರೆಯುತ್ತೇವೆ. ಅದಕ್ಕೂ ಮನವಿ ಕೊಡಬಹುದಲ್ವಾ?

ಸ್ವೀಕೃತಿ ಕಾರ್ಡುಗಳು ಹತ್ತು ಹನ್ನೆರಡು ದಿನಕ್ಕೆ ವಾಪಸ್ ಬಂದವು. ಮುಂದಿನ ತಿಂಗಳು ಖಾಲಾ ಜೊತೆ ಕಲಬುರಗಿಗೆ ಬೆಳಗಿನ ರೈಲು ಹತ್ತಿದೆ. ಕೃಷ್ಣೆಯ ಸೇತುವೆ ದಾಟಿದ ಮೇಲೆ ರಾಷ್ಟ್ರಪತಿ ಭವನದ ಕಾರ್ಡನ್ನು ಬ್ಯಾಗಿನಿಂದ ತೆಗೆದು ಅವರ ಕೈಗಿಟ್ಟೆ. ನಮ್ಮ ಮಾತು ನಡೆಯಲಿಲ್ಲ ಅಂತ ಮೊದಲೇ ಹೇಳಿದ್ದೆ. ಅವರು ಸೀಲಿನ ಮೇಲೆ ಬೆರಳಾಡಿಸಿದರು, ತಿರುಗಿಸಿ ನೋಡಿದರು.

"ಇದರಾಗ ನನ್ನ ಹೆಬ್ಬೆಟ್ಟಿಲ್ಲಲ್ರಿ?"

"ಅದು ಒಳಗಿನ ಹಾಳ್ಯಾಗ ಐತಿ ಖಾಲಾ. ಅಲ್ಲೇ ಇಟ್ಕೊಂಡಾರ."

ಕಾರ್ಡು ವಾಪಸ್ ಕೊಟ್ಟು, ಗಂಟು ಬಿಚ್ಚಿ ರೊಟ್ಟಿ ತೆಗೆದರು. ಅವತ್ತಿನ ಕಾಸ್ ಲಿಸ್ಟಿನಲ್ಲಿ ನಮ್ಮ ಕೇಸು ಬಹಳ ಕೆಳಗಿತ್ತು. ಸಂಜೆವರೆಗೆ ಕಾಯಬೇಕಾಗಿತ್ತು.