ಒಂದೇ ಎಂಜಿನ್, ಎರಡು ಮೈಕಟ್ಟು: ಸೆಡಾನ್ ಮತ್ತು ಎಸ್‌ಯುವಿಗಳ ಪಿಕಪ್ ಅಳೆದ ನನ್ನ ಅನುಭವ

ಸೆಡಾನ್ ಫಾಸ್ಟಾ, ಎಸ್‌ಯುವಿ ಫಾಸ್ಟಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎಂಜಿನ್ ಯಾವುದು ಅಂತ. ಬೇರೆ ಬೇರೆ ಎಂಜಿನ್ನಿನ ಎರಡು ಗಾಡಿ ಓಡಿಸಿದರೆ ಗೆದ್ದಿದ್ದು ಎಂಜಿನ್ನೋ ಮೈಕಟ್ಟೋ ಗೊತ್ತೇ ಆಗುವುದಿಲ್ಲ. ಅದಕ್ಕೇ ಹುಡುಕಿ ಒಂದು ಜೋಡಿ ಆರಿಸಿಕೊಂಡೆ. ಸೆಡಾನ್ ಕಡೆಯಿಂದ ಜಿ30 ತಲೆಮಾರಿನ ಬಿಎಂಡಬ್ಲ್ಯು 540ಐ ಎಕ್ಸ್‌ಡ್ರೈವ್. ಎಸ್‌ಯುವಿ ಕಡೆಯಿಂದ 2018ರಲ್ಲಿ ಬಂದ ಜಿ05 ಎಕ್ಸ್5 ಎಕ್ಸ್‌ಡ್ರೈವ್40ಐ. ಎರಡರಲ್ಲೂ ಅದೇ 3 ಲೀಟರ್ ಆರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 340 ಎಚ್‌ಪಿ ಶಕ್ತಿ, 450 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಎಂಟು ಗೇರಿನ ಆಟೊಮ್ಯಾಟಿಕ್, ನಾಲ್ಕು ಚಕ್ರಕ್ಕೂ ಶಕ್ತಿ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಕೂಡ ಎರಡಕ್ಕೂ 2,975 ಮಿ.ಮೀ.! ಇಷ್ಟು ಹೊಂದುವ ಜೋಡಿ ಸಿಗುವುದು ಅಪರೂಪ.

ಉಳಿದ ದೊಡ್ಡ ವ್ಯತ್ಯಾಸ ಎರಡೇ. ಒಂದು, ತೂಕ. ಸೆಡಾನ್ ಸುಮಾರು 1,700 ಕೆ.ಜಿ., ಎಸ್‌ಯುವಿ ಸುಮಾರು 2,100. ಇನ್ನೊಂದು, ಗಾಳಿಗೆ ಒಡ್ಡಿಕೊಳ್ಳುವ ಮೈ. ಎಕ್ಸ್5 ಸುಮಾರು 27 ಸೆಂ.ಮೀ. ಎತ್ತರ ಜಾಸ್ತಿ, 13 ಸೆಂ.ಮೀ. ಅಗಲ ಜಾಸ್ತಿ. ಕಂಪನಿ ಹೇಳುವ ಪ್ರಕಾರ 0ಯಿಂದ 100 ಕಿ.ಮೀ. ವೇಗಕ್ಕೆ ಸೆಡಾನ್ 4.8 ಸೆಕೆಂಡ್, ಎಸ್‌ಯುವಿ 5.5. ಈ 0.7 ಸೆಕೆಂಡ್ ಎಲ್ಲಿ ಹೋಗುತ್ತದೆ ಅನ್ನುವುದೇ ನನ್ನ ಕುತೂಹಲ.

ಅಳೆಯುವುದಕ್ಕೆ ಗಾಡಿಯ ಮೀಟರ್ ನಂಬಬಾರದು. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ, ಆದರೆ ಜಾಸ್ತಿ ತೋರಿಸಬಹುದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ಇದಕ್ಕೆ ಮಿತಿಯೇ ಇದೆ: ನಿಜ ವೇಗದ ಶೇ. 10, ಅದರ ಮೇಲೆ 4 ಕಿ.ಮೀ. ಅಂದರೆ ನೀವು 100ರಲ್ಲಿ ಇದ್ದಾಗ ಮುಳ್ಳು 114ರ ತನಕ ತೋರಿಸಿದರೂ ಅದು ನಿಯಮದೊಳಗೇ. ಫೋನಿನ ಜಿಪಿಎಸ್ ಕೂಡ ಸಾಲದು. ಅದು ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಲೆಕ್ಕ ಕೊಡುತ್ತದೆ, ನಾವು ಹುಡುಕುತ್ತಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಸೆಕೆಂಡಿಗೆ ಹತ್ತು ಸಲ ಓದುವ ಜಿಪಿಎಸ್ ಲಾಗರ್ (ವೇಗವನ್ನು ದಾಖಲಿಸಿಡುವ ಸಾಧನ) ಆದರೂ ಬೇಕು. ನಾನು ಒಂದೇ ಲಾಗರನ್ನು ಎರಡೂ ಗಾಡಿಗೆ ಬಳಸಿದೆ.

ಇನ್ನೊಂದು ವಿಷಯ ಮೊದಲೇ ನೋಡಿಕೊಳ್ಳಿ. ಇಂಥ ಲಾಗರ್‌ಗಳಲ್ಲಿ ‘ಒನ್ ಫುಟ್ ರೋಲ್‌ಔಟ್’ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಗಾಡಿ ಮೊದಲ ಒಂದು ಅಡಿ ಚಲಿಸಿದ ಮೇಲೆ ಗಡಿಯಾರ ಶುರುವಾಗುತ್ತದೆ. ಇದು ಡ್ರ್ಯಾಗ್ ರೇಸಿನಿಂದ ಬಂದ ಪದ್ಧತಿ. ಅಷ್ಟರಲ್ಲೇ 0.2–0.3 ಸೆಕೆಂಡ್ ಲೆಕ್ಕದಿಂದ ತಪ್ಪಿಹೋಗುತ್ತದೆ. ಒಬ್ಬರು ಇದನ್ನು ಆನ್ ಇಟ್ಟು, ಇನ್ನೊಬ್ಬರು ಆಫ್ ಇಟ್ಟು ಅಳೆದು ಜಗಳವಾಡುವುದನ್ನು ನೋಡಿದ್ದೇನೆ. ನಾನು ಆಫ್ ಇಟ್ಟೆ.

ಜಾಗ, ಬಾಡಿಗೆಗೆ ಪಡೆದ ಮುಚ್ಚಿದ ಟ್ರ್ಯಾಕ್. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಲೇಬೇಡಿ. ಟೈರ್ ತಣ್ಣಗಿದ್ದಾಗಲೇ ಗಾಳಿ ಸರಿ ಮಾಡಿದೆ. ಎರಡರಲ್ಲೂ ಅರ್ಧ ಟ್ಯಾಂಕ್ ಪೆಟ್ರೋಲ್, ಸ್ಪೋರ್ಟ್ ಮೋಡ್, ಅದೇ ಡ್ರೈವರ್. ಪ್ರತಿ ಓಟವನ್ನೂ ಎರಡು ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆದೆ. ಶೇ. 1ರಷ್ಟು ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಆದರೆ ಇಂಥ ಗಾಡಿಗಳ ಪಿಕಪ್ಪನ್ನು ಶೇ. 2ರ ಹತ್ತಿರ ಬದಲಿಸುತ್ತದೆ. ಗಾಡಿಗಳನ್ನು ಒಂದಾದ ಮೇಲೊಂದು ಬಿಟ್ಟೆ. ಒಂದು ಓಡುವಾಗ ಇನ್ನೊಂದು ಆರಲಿ ಅಂತ. ಬಿಸಿಯಾದ ಟರ್ಬೊ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಬಿಸಿಯಾಗುತ್ತದೆ, ಶಕ್ತಿ ಇಳಿಯುತ್ತದೆ.

ಈಗ ಓಟಕ್ಕೆ ಬರೋಣ. ಎಡಗಾಲಲ್ಲಿ ಬ್ರೇಕ್ ಬಿಗಿಯಾಗಿ ಒತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು, ಎಂಜಿನ್ ಸದ್ದು ಒಂದು ಮಟ್ಟಕ್ಕೆ ಬಂದು ನಿಂತಾಗ ಬ್ರೇಕ್ ಬಿಡಬೇಕು. ಎಕ್ಸ್5ನಲ್ಲಿ ಆ ಕ್ಷಣಕ್ಕೆ ಮೂತಿ ಮೇಲೆದ್ದಿದ್ದು ಚೆನ್ನಾಗಿ ಕಾಣಿಸಿತು. ಬಾನೆಟ್ಟಿನ ಅಂಚು ದೂರದ ಬೇಲಿಯನ್ನು ಮರೆ ಮಾಡಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಪಕ್ಕದಲ್ಲಿದ್ದ ಗೆಳೆಯ, ‘ಇದೇ ಫಾಸ್ಟು’ ಅಂದ. ಲಾಗರ್ ನೋಡಿದರೆ ಅಲ್ಲ. ಎತ್ತರದ ಗಾಡಿಯಲ್ಲಿ ಭಾರ ಹಿಂದಕ್ಕೆ ಜಾಸ್ತಿ ವಾಲುತ್ತದೆ, ಆ ವಾಲಾಟವನ್ನೇ ಮೈ ವೇಗ ಅಂದುಕೊಳ್ಳುತ್ತದೆ. ಸೆಡಾನ್ ಮಟ್ಟಸವಾಗಿ ಹೊರಟುಬಿಡುತ್ತದೆ, ಹಾಗಾಗಿ ಸಪ್ಪೆ ಅನಿಸುತ್ತದೆ. ಮೈಗೆ ಅನಿಸಿದ್ದನ್ನು ಪಿಕಪ್ ಹೋಲಿಕೆಗೆ ತರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಟ್ಟು ಅಂತರ ಕಂಪನಿ ಹೇಳಿದ್ದಕ್ಕೆ ಹತ್ತಿರವೇ ಬಂತು. ಆದರೆ ನನಗೆ ಬೇಕಿದ್ದುದು ಗ್ರಾಫಿನ ಒಳಗಿನ ತುಂಡುಗಳು. 0–30ರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು, ತುಂಬಿಕೊಳ್ಳಬೇಕು, ಟೈರ್ ನೆಲ ಕಚ್ಚಬೇಕು. ಸೆಡಾನ್ ಹಗುರ ಇದ್ದ ಮಾತ್ರಕ್ಕೆ ಆ ಹೊತ್ತು ಉಳಿಯುವುದಿಲ್ಲ. 30 ದಾಟಿದ ಮೇಲೆ ಗೆರೆಗಳು ಬಿಡಿಸಿಕೊಳ್ಳುತ್ತವೆ. ಸೆಡಾನ್ 100 ಮುಟ್ಟುವ ಹೊತ್ತಿಗೆ ಎಸ್‌ಯುವಿ ಹಿಂದೆ ಉಳಿಯುವುದು ಎಷ್ಟು ಗೊತ್ತಾ? ಲೆಕ್ಕ ಹಾಕಿದರೆ ಎಂಟು ಒಂಬತ್ತು ಮೀಟರ್, ಎರಡು ಕಾರಿನ ಉದ್ದವೂ ಇಲ್ಲ. 100–160ರಲ್ಲಿ ಮಾತ್ರ ಸೆಡಾನ್ ಎದ್ದು ಹೋಯಿತು. 160ರ ಹೊತ್ತಿಗೆ ಅಂತರ ಎರಡು ಸೆಕೆಂಡಿನ ಹತ್ತಿರ ಬಂತು.

ಇದರಲ್ಲಿ ತೂಕದ ಪಾಲೆಷ್ಟು, ಗಾಳಿಯ ಪಾಲೆಷ್ಟು? ಸುಮ್ನೆ ಊಹಿಸುವ ಬದಲು ಸೆಡಾನನ್ನೇ ಎಸ್‌ಯುವಿಯಷ್ಟು ಭಾರ ಮಾಡಿದೆ. ಮರಳಿನ ಚೀಲಗಳನ್ನು ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ, ಡಿಕ್ಕಿಯಲ್ಲಿ ಇಟ್ಟು, ಅಲ್ಲಾಡದಂತೆ ಪಟ್ಟಿ ಬಿಗಿದೆ. ವೇಬ್ರಿಡ್ಜಿನ ಮೇಲೆ ಎರಡನ್ನೂ ನಿಲ್ಲಿಸಿ ಸರಿ ಮಾಡಿಕೊಂಡೆ. ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಪೂರ್ತಿ ಭಾರಕ್ಕೆ ಹೇಳಿರುವಷ್ಟು ಟೈರಿಗೆ ಗಾಳಿ ಹಾಕಿದೆ. ಗಾಡಿಗೆ ಅನುಮತಿಯಿರುವ ಭಾರ ಮೀರುವಂತಿಲ್ಲ, ಅದನ್ನೂ ನೋಡಿಕೊಂಡೆ.

ಈ ಸಲ 0–100ರಲ್ಲಿ ಅಂತರ ಮಾಯ. ಕೆಲವು ಓಟಗಳಲ್ಲಿ ಎಕ್ಸ್5 ಕೂದಲೆಳೆಯಷ್ಟು ಮುಂದೆ. ಅದರಲ್ಲಿ ಆಶ್ಚರ್ಯ ಇಲ್ಲ, ಭಾರದ ಗಾಡಿಯನ್ನು ಅದರ ಭಾರಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ನಮ್ಮ ಸೆಡಾನ್ ಮರಳು ಹೊತ್ತು ಓಡುತ್ತಿತ್ತು. ಆದರೆ 100–160ರಲ್ಲಿ ಅದೇ ಸೆಡಾನ್, ಅಷ್ಟೇ ತೂಕ ಹೊತ್ತೂ, ಮತ್ತೆ ಮುಂದೆ ಹೋಯಿತು. ಅದು ಬಹುಪಾಲು ಗಾಳಿಯ ಕೆಲಸ. ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಈ ಅಳತೆಯ ಗಾಡಿಗಳಿಗೆ ನಾನು ಹಾಕಿದ ಅಂದಾಜು ಲೆಕ್ಕದಲ್ಲಿ, 60ರ ವೇಗದಲ್ಲಿ ಎಸ್‌ಯುವಿ ಗಾಳಿಗೆ ಕೊಡುವುದು ಸೆಡಾನಿಗಿಂತ ಒಂದು ಕಿಲೋವ್ಯಾಟ್ ಜಾಸ್ತಿ ಅಷ್ಟೇ. 160ರಲ್ಲಿ ಅದು 17 ಕಿಲೋವ್ಯಾಟ್ ಹತ್ತಿರ, ಅಂದರೆ 340 ಎಚ್‌ಪಿಯಲ್ಲಿ 23 ಎಚ್‌ಪಿ ಗಾಳಿಪಾಲು.

ನೀವೂ ಹೋಲಿಸುವುದಾದರೆ 0–100 ಜೊತೆಗೆ 80–120 ಸಮಯವನ್ನೂ ತೆಗೆಯಿರಿ. ಲಾರಿ ಓವರ್‌ಟೇಕ್ ಮಾಡುವಾಗ ಬೇಕಾಗುವುದು ಅದೇ ಅಲ್ವಾ? ಅದನ್ನು ಗೇರ್ ‘ಡಿ’ಯಲ್ಲಿಟ್ಟು, 80ರಲ್ಲಿ ಒಂದೇ ಸಮನೆ ಹೋಗುತ್ತಾ, ಒಮ್ಮೆಲೇ ತುಳಿದು ಅಳೆಯಿರಿ. ಗೇರ್ ಇಳಿಯಲು ತಗಲುವ ಹೊತ್ತೂ ಆಗ ಲೆಕ್ಕಕ್ಕೆ ಸೇರುತ್ತದೆ.