ಮುನಿಸು: ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ

ಇಂಗ್ಲಿಷ್ ಕತೆಗಳನ್ನು ಕನ್ನಡಕ್ಕೆ ತರುವಾಗ ‘ಸಲ್ಕ್’ ಕಂಡಲ್ಲೆಲ್ಲ ‘ಮುನಿಸು’ ಎಂದು ಬರೆಯುವುದು ಸುಲಭ. ಅದನ್ನು ಉಳಿಸಿಕೊಳ್ಳುವ ಮುಂಚೆ ನಾನು ನೋಡುವುದು ಒಂದೇ: ಮುಖ ತಿರುಗಿಸಿದವರಿಗೆ, ಯಾರಾದರೂ ಬಂದು ರಮಿಸಲಿ ಎಂಬ ಆಸೆ ಇದೆಯೇ? ಇದ್ದರೆ ಅದು ಮುನಿಸು. ಚಿಲ್ಲರೆ ಕೊಡದ ಕಂಡಕ್ಟರ್ ಮೇಲೆ ಸಿಟ್ಟು ಬರುತ್ತದೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಅದಕ್ಕೆ ಸಲಿಗೆ ಬೇಕು. ವರ್ಷಗಟ್ಟಲೆ ಒಳಗೇ ಕುದಿಯುವ ‘ರಿಸೆಂಟ್‌ಮೆಂಟ್’ಗೆ ಈ ಪದ ತೀರಾ ಹಗುರ. ಅಲ್ಲಿ ಕಹಿ, ಹಗೆ, ಇಲ್ಲವೇ ‘ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾನೆ’ ಎನ್ನುತ್ತೇನೆ.

ಅನುವಾದ ಹೆಚ್ಚಾಗಿ ಕೆಡುವುದು ಕ್ರಿಯಾಪದದಲ್ಲಿ. ‘ನನಗೆ ಸಿಟ್ಟು ಬಂತು’ ಸರಿ. ‘ನನಗೆ ಮುನಿಸು ಬಂತು’ ಕಿವಿಗೆ ಒಪ್ಪದು. ಸಿಟ್ಟು ತಾನಾಗಿ ಬರುತ್ತದೆ, ಮುನಿಸಿನಲ್ಲಿ ನಮ್ಮದೇ ಕೈವಾಡವಿರುತ್ತದೆ. ಹಾಗಾಗಿ ‘ಅವಳು ಮುನಿಸಿಕೊಂಡಳು’. ‘ಮುನಿಸಿದಳು’ ಎಂದಿದ್ದರೆ ಹೊಡೆದುಹಾಕುತ್ತೇನೆ. ಧಾತು ‘ಮುನಿ’, ಆದ್ದರಿಂದ ‘ಮುನಿದಳು’. ಆದರೆ ಇದು ತೂಕದ ಮಾತು: ದೇವಿ ಮುನಿಯುತ್ತಾಳೆ, ಮಳೆ ಕೈಕೊಟ್ಟರೆ ಪತ್ರಿಕೆಗಳಲ್ಲಿ ವರುಣ ಮುನಿಯುತ್ತಾನೆ. ಮಂತ್ರಿಗಿರಿ ಸಿಗದ ಶಾಸಕರು ಮಾತ್ರ ‘ಮುನಿಸಿಕೊಳ್ಳುತ್ತಾರೆ’. ಸುದ್ದಿಮನೆಯವರು ಪದ ಬಲ್ಲವರು! ಅಲ್ಲಿಗೂ ರಮಿಸುವವರು ಬಂದೇ ಬರುತ್ತಾರಲ್ಲ.

ವಿಭಕ್ತಿಯೂ ಬದಲಾಗಿದೆ. 12ನೇ ಶತಮಾನದ ಬಸವಣ್ಣನವರ ವಚನದಲ್ಲಿ ‘ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ’ ಎಂದು ಚತುರ್ಥಿ ಇದೆ. ಇಂದು ‘ಅವನಿಗೆ ಮುನಿಸಿಕೊಂಡಳು’ ನಡೆಯದು, ‘ಅವನ ಮೇಲೆ’ ಎನ್ನಬೇಕು.

ಸಂಭಾಷಣೆಯ ಲೆಕ್ಕವೇ ಬೇರೆ. ಮುನಿಸಿಕೊಂಡವರು ಹಾಗಂತ ಬಾಯಿಬಿಟ್ಟು ಹೇಳುವುದಿಲ್ಲ. ‘ನಾನು ಮುನಿಸಿಕೊಂಡಿದ್ದೇನೆ’ ಎಂದು ಬರೆದರೆ ಪಾತ್ರ ರಂಗದ ಮೇಲೆ ನಿಂತಂತಾಗುತ್ತದೆ, ‘ಏನಿಲ್ಲ’ ಸಾಕು. ಗಂಡ ಕೇಳುವುದು ‘ನನ್ಮೇಲೆ ಕೋಪಾನಾ?’ ಎಂದು. ಅಮ್ಮ ಕಿರಿಮಗನಿಗೆ ಹೇಳುವುದು ‘ಅಕ್ಕ ಬೆಳಗ್ಗೆಯಿಂದ ಮುಖ ಊದಿಸ್ಕೊಂಡು ಕೂತಿದ್ದಾಳೆ, ನೀನೇ ಹೋಗಿ ಮಾತಾಡ್ಸೋ’ ಎಂದು. ಪುಟ್ಟ ಮಕ್ಕಳಾದರೆ ‘ಟೂ ಬಿಟ್ಟಿದ್ದಾನೆ’. ಮುನಿಸನ್ನು ನಾನು ಬಹುಪಾಲು ನಿರೂಪಣೆಗೇ ಇಟ್ಟುಕೊಳ್ಳುತ್ತೇನೆ.

ಮುಗಿಯುವಾಗಲೂ ಜೋಡಿಪದ ನೋಡಬೇಕು: ಸಿಟ್ಟು ಇಳಿಯುತ್ತದೆ, ಮುನಿಸು ಕರಗುತ್ತದೆ. ‘ಹುಸಿಮುನಿಸು’ ಪದದ ಬಗ್ಗೆ ಮಾತ್ರ ಇನ್ನಷ್ಟು ಎಚ್ಚರ. ಆ ‘ಹುಸಿ’ ಸೇರಿತೆಂದರೆ ನಿರೂಪಕ ಗುಟ್ಟು ಬಿಟ್ಟುಕೊಟ್ಟ ಹಾಗೆ. ಮುಂದಿನ ಪುಟದವರೆಗೆ ಜಗಳ ನಿಜವೆಂದೇ ಓದುಗರು ನಂಬಬೇಕಿದ್ದರೆ ಬರೀ ‘ಮುನಿಸು’ ಎಂದು ಬಿಡುತ್ತೇನೆ.